ಮನೆಯ ದೀಪ, ರೈಲಿನ ಗಾಲಿ

ನಿಮ್ಮ ಮನೆಯ ದೀಪವನ್ನು ಬೆಳಗುವ ವಿದ್ಯುತ್ತೇ ರೈಲನ್ನೂ ಎಳೆಯಬಲ್ಲುದೆಂಬುದು ಒಂದು ಕಾಲಕ್ಕೆ ಸುಲಭವಾಗಿ ಒಪ್ಪುವ ಮಾತಾಗಿರಲಿಲ್ಲ.

1925ರಲ್ಲಿ ಮುಂಬಯಿಯಿಂದ ಕುರ್ಲಾಕ್ಕೆ ಹೊರಟ ನಮ್ಮ ದೇಶದ ಮೊದಲ ವಿದ್ಯುತ್ ರೈಲಿಗೆ ಒದಗಿದ್ದು 1,500 ವೋಲ್ಟಿನ ಏಕಮುಖ ಪ್ರವಾಹ. ವೋಲ್ಟೆಂದರೆ ವಿದ್ಯುತ್ತಿನ ಒತ್ತಡ. ಅದು ಕಡಮೆಯಾದಷ್ಟೂ ಪ್ರವಾಹ ಹೆಚ್ಚಬೇಕು. ಅದಕ್ಕೆ ದಪ್ಪ ತಾಮ್ರದ ತಂತಿ ಬೇಕು, ಕೆಲವೇ ಮೈಲಿಗೊಂದು ಉಪಕೇಂದ್ರ ಬೇಕು. ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ಒತ್ತಡದಲ್ಲಿ ಸಾಗಿಸಿದರೆ, ಅದೇ ತಂತಿಯಲ್ಲಾಗುವ ನಷ್ಟ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಹೀಗೆ ಒತ್ತಡವನ್ನು ಏರಿಸಿ ಇಳಿಸುವುದು ಪರ್ಯಾಯ ಪ್ರವಾಹದಲ್ಲಿ ಸುಲಭ.

ಜರ್ಮನಿ, ಸ್ವಿಟ್ಸರ್ಲೆಂಡ್‌ಗಳು ಈ ದಾರಿಯನ್ನೇ ಹಿಡಿದವು. ಆದರೆ ಅಂದಿನ ಮೋಟಾರುಗಳಿಗೆ ಒಗ್ಗುವಂತೆ, ರೈಲಿಗೆಂದೇ ಆವರ್ತ ಕಡಮೆಯಿರುವ ಬೇರೆ ವಿದ್ಯುತ್ತನ್ನು ಒದಗಿಸಬೇಕಾಯಿತು. ಹಂಗೇರಿಯ ಕಾಲ್ಮಾನ್ ಕಾಂಡೋ ಹಾಗಲ್ಲವೆಂದರು. ಊರಿಗೆಲ್ಲ ಹರಿಯುವ, ಸೆಕೆಂಡಿಗೆ 50 ಆವರ್ತದ ವಿದ್ಯುತ್ತೇ ರೈಲಿಗೂ ಸಾಕೆಂದು ಸಾಧಿಸಹೊರಟರು. 1923ರಲ್ಲಿ ಅವರ ಎಂಜಿನ್ ಪರೀಕ್ಷೆಗಿಳಿಯಿತು. 1932ರಲ್ಲಿ ಬುಡಾಪೆಸ್ಟಿನಿಂದ ಪಶ್ಚಿಮಕ್ಕೆ 16,000 ವೋಲ್ಟಿನ ಮಾರ್ಗ ತೆರೆಯಿತು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಕಾಂಡೋ ಅವರಿಗಿರಲಿಲ್ಲ, 1931ರಲ್ಲೇ ತೀರಿಕೊಂಡಿದ್ದರು.

ಮುಂದೆ ಫ್ರಾನ್ಸ್ ಆ ಒತ್ತಡವನ್ನು 25,000 ವೋಲ್ಟಿಗೆ ಏರಿಸಿತು. 1957ರಲ್ಲಿ ಭಾರತವೂ ಅದನ್ನೇ ಆರಿಸಿಕೊಂಡಿತು. ಮೈಸೂರಿನ ರೈಲು ಹತ್ತುವಾಗ ಒಮ್ಮೆ ಮೇಲಿನ ತಂತಿಯನ್ನು ನೋಡಿರಿ: ಒತ್ತಡ ಬೇರೆ, ವಿದ್ಯುತ್ತು ನಿಮ್ಮ ಮನೆಯದೇ.