ಎಣ್ಣೆ ಬದಲಿಸುವ ಗೃಹಸ್ಥ

ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ಗಾಡಿ ಹೊಡೆಯುವವನ ಕೆಲಸವೆಂಬುದು ನಮ್ಮ ಹಳ್ಳಿಗಳಲ್ಲಿ ಯಾರೂ ಪ್ರಶ್ನಿಸದ ಸಂಗತಿ. ಆದರೆ ಮೋಟಾರು ಕಾರಿನ ಒಡೆಯನೇ ಬಿಡುವಿನ ದಿನ ಹಳೆಯ ಬಟ್ಟೆ ತೊಟ್ಟು, ತನ್ನ ಮನೆಯ ಮುಂದೆಯೇ ಬಂಡಿಯ ಅಡಿಯಲ್ಲಿ ಅಂಗಾತ ಮಲಗಿ ಎಂಜಿನ್ನಿನ ಎಣ್ಣೆಯನ್ನು ಬದಲಿಸಿಕೊಳ್ಳುವ ಪದ್ಧತಿಯು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೇರುಬಿಟ್ಟಷ್ಟು ಗಾಢವಾಗಿ ಇನ್ನೆಲ್ಲಿಯೂ ಬೇರುಬಿಟ್ಟಂತೆ ತೋರುವುದಿಲ್ಲ. ಮಿತವ್ಯಯವೇ ಇದಕ್ಕೆ ಕಾರಣವೆಂದು ಹೇಳುವವರುಂಟು. ನಾನಾದರೋ ಇದರ ಮೂಲವನ್ನು ಯಂತ್ರದ ರಚನೆಯಲ್ಲಿಯೇ ಹುಡುಕಬಯಸುತ್ತೇನೆ.

ಆದಿಕಾಲದ ಅನೇಕ ಎಂಜಿನ್ನುಗಳಲ್ಲಿ ಎಣ್ಣೆ ಬದಲಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ತೊಟ್ಟುತೊಟ್ಟಾಗಿ ಇಳಿದ ಎಣ್ಣೆಯು ತನ್ನ ಕಾರ್ಯವನ್ನು ಮುಗಿಸಿ, ಹೊಗೆಯಾಗಿಯೋ ರಸ್ತೆಯ ಮೇಲಣ ಕಲೆಯಾಗಿಯೋ ವ್ಯಯವಾಗಿಬಿಡುತ್ತಿದ್ದಿತು. (ನಮ್ಮ ಗಾಡಿಯ ಕೀಲು ಬಲ್ಲ ಹರಳೆಣ್ಣೆಗೂ ಆಗ ಆ ಲೋಕದಲ್ಲಿ ಮನ್ನಣೆಯಿದ್ದಿತು; 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪೆನಿಯು ಹೊರತಂದ ಕ್ಯಾಸ್ಟ್ರಾಲ್ ತನ್ನ ಹೆಸರನ್ನು ಪಡೆದದ್ದು ಅದರಿಂದಲೇ.) ಒಮ್ಮೆ ತುಂಬಿದ ಎಣ್ಣೆಯನ್ನೇ ಮರಳಿ ಮರಳಿ ಬಳಸುವ ಏರ್ಪಾಡು ಬಂದ ತರುವಾಯವೇ ಕೊಳೆಯ ಸಮಸ್ಯೆಯೂ ತಲೆದೋರಿತು.

1908ರಲ್ಲಿ ಮಾರುಕಟ್ಟೆಗೆ ಬಂದು, 1927ರ ವೇಳೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಈ ಸಮಸ್ಯೆಯು ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೆ ಎಣ್ಣೆಯ ಪಂಪೂ ಇಲ್ಲ, ಫಿಲ್ಟರೂ ಇಲ್ಲ, ಡಿಪ್‌ಸ್ಟಿಕ್ಕೂ ಇಲ್ಲ. ತಿರುಗುವ ಫ್ಲೈವೀಲು ಎರಚಿದ ಎಣ್ಣೆಯು ಒಂದು ನಳಿಕೆಯ ಮೂಲಕ ಮುಂಭಾಗಕ್ಕೆ ಹರಿದು, ತಳದ ತಗ್ಗುಗಳಲ್ಲಿ ನಿಂತು, ಕನೆಕ್ಟಿಂಗ್ ರಾಡುಗಳ ಹೊಡೆತಕ್ಕೆ ಮತ್ತೆ ಚಿಮ್ಮಬೇಕು. ಮಟ್ಟವನ್ನು ತಿಳಿಯಬೇಕಾದರೆ ಒಡೆಯನು ಕಾರಿನಡಿಗೆ ನುಸುಳಿ, ಒಂದರ ಮೇಲೊಂದಿರುವ ಎರಡು ಪುಟ್ಟ ನಲ್ಲಿಗಳನ್ನು ತಿರುಗಿಸಿ ನೋಡಬೇಕು: ಮೇಲಿನದರಿಂದ ಎಣ್ಣೆ ಸುರಿದರೆ ತುಂಬಿದೆ, ಕೆಳಗಿನದೂ ಒಣಗಿದ್ದರೆ ಅಪಾಯ. ಮಣ್ಣುರಸ್ತೆಯ ಧೂಳೂ ಸುಟ್ಟ ಇಂಗಾಲವೂ ಪಿಸ್ಟನ್ನಿನ ಬದಿಯಿಂದ ಸೋರಿದ ಪೆಟ್ರೋಲೂ ಆ ಎಣ್ಣೆಗೆ ಬೆರೆಯುತ್ತಿದ್ದುವಾದುದರಿಂದ, ಹೊಸ ಕಾರು 400 ಮೈಲಿ ಓಡಿದೊಡನೆಯೂ, ಆಮೇಲೆ ಸುಮಾರು 750 ಮೈಲಿಗೊಮ್ಮೆಯೂ ಅದನ್ನು ಬಸಿಯಬೇಕೆಂದು ಕಂಪೆನಿಯ ಕೈಪಿಡಿಯು ವಿಧಿಸಿದ್ದಿತು. ಬಸಿದ ಮೇಲೆ ಸೀಮೆಎಣ್ಣೆ ಸುರಿದು, ಎಂಜಿನ್ನನ್ನು ಕೈಯಿಂದ ತಿರುಗಿಸಿ ತೊಳೆದು, ತಗ್ಗುಗಳಲ್ಲಿ ಉಳಿದದ್ದೂ ಹರಿದುಹೋಗಲೆಂದು ಕಾರನ್ನು ಸ್ವಲ್ಪ ಏರಿನ ಮೇಲೆ ನಿಲ್ಲಿಸಬೇಕಾಗಿದ್ದಿತು. ಕೊಂಡವರಲ್ಲಿ ಅಸಂಖ್ಯಾತರು ಗ್ಯಾರೇಜಿನ ಮುಖವನ್ನೇ ಕಾಣದ ದೂರದ ರೈತರು. ಇಂತಹ ಯಂತ್ರವು ಇಂತಹವರ ಕೈಗೆ ಬಿದ್ದಾಗ, ಒಡೆಯನೇ ಮೆಕ್ಯಾನಿಕ್ಕನಾಗದೆ ಇನ್ನೇನಾದಾನು?

ಮುಂದಿನ ಸುಧಾರಣೆಗಳೆಲ್ಲವೂ ಈ ಅನಿವಾರ್ಯತೆಯನ್ನು ಸಡಿಲಿಸುತ್ತ ಬಂದುವು. 1923ರಲ್ಲಿ ಸ್ವೀಟ್‌ಲ್ಯಾಂಡ್ ಮತ್ತು ಗ್ರೀನ್‌ಹಾಲ್ಜ್ ಎಂಬವರು ರೂಪಿಸಿದ ಪ್ಯೂರೊಲೇಟರ್ ಫಿಲ್ಟರು ಮರುವರ್ಷವೇ ಕ್ರೈಸ್ಲರ್ ಕಾರಿನಲ್ಲಿ ಸ್ಥಾನ ಪಡೆಯಿತು. ಮಸಿಯನ್ನು ಎಣ್ಣೆಯಲ್ಲಿಯೇ ತೇಲಿಸಿಡುವ ಮಾರ್ಜಕ ದ್ರವ್ಯಗಳು ಬಂದುವು. ಚಳಿಗಾಲಕ್ಕೂ ಬೇಸಗೆಗೂ ಒಂದೇ ಎಣ್ಣೆ ಸಾಕೆನ್ನುವ ಮಲ್ಟಿಗ್ರೇಡ್ 1950ರ ದಶಕದಲ್ಲಿ ಬಳಕೆಗೆ ಬಂದಿತು. ಬದಲಾವಣೆಯ ಅಂತರವು ಸಾವಿರಾರು ಮೈಲಿಗಳಿಗೆ ಬೆಳೆದರೂ ಅಭ್ಯಾಸವು ಮಾತ್ರ ಬಿಡಲಿಲ್ಲ. ತಗಡಿನ ಡಬ್ಬಿಯ ಮುಚ್ಚಳವನ್ನು ಚೂಪಾದ ಮೂತಿಯಿಂದ ಚುಚ್ಚಿ ಎಣ್ಣೆ ಸುರಿಯುವುದು, ಸ್ಪ್ಯಾನರಿನಿಂದ ತಳದ ಪ್ಲಗ್ಗನ್ನು ಸಡಿಲಿಸಿ ಕೊನೆಯ ಸುತ್ತನ್ನು ಬೆರಳಿನಿಂದಲೇ ಬಿಡಿಸಿ, ಬಿಸಿ ಎಣ್ಣೆ ಮೊಣಕೈಗೆ ಇಳಿಯುವ ಮೊದಲೇ ಕೈ ಸೆಳೆದುಕೊಳ್ಳುವುದು, ಇವೆಲ್ಲ ತಂದೆಯಿಂದ ಮಗನಿಗೆ ಇಳಿದ ವಿದ್ಯೆಗಳಾದುವು. ಮೂರು ಸಾವಿರ ಮೈಲಿಯ ನಿಯಮವಂತೂ ಅದನ್ನು ಬೇಡದ ಎಂಜಿನ್ನುಗಳ ಕಾಲದಲ್ಲಿಯೂ ವ್ರತದಂತೆ ನಡೆದುಬಂದಿತು. ಎಣ್ಣೆ ಮಾರುವವರು ಅದನ್ನು ಮುರಿಯಲು ಅವಸರಪಟ್ಟಿರಲಾರರು.

ಈ ಸ್ವಾವಲಂಬನೆಯನ್ನು ಹೊಗಳುವವರು ಬಸಿದ ಎಣ್ಣೆಯ ಗತಿಯನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ನೆಲದಲ್ಲಿ ಗುಂಡಿ ತೋಡಿ, ಜಲ್ಲಿ ತುಂಬಿ, ಅದರ ಮೇಲೆ ಸುರಿದುಬಿಡಿರೆಂಬ ಸಲಹೆಯನ್ನು 1960ರ ದಶಕದಲ್ಲಿಯೂ ಜನಪ್ರಿಯ ವಿಜ್ಞಾನಪತ್ರಿಕೆಯೊಂದು ನಿಸ್ಸಂಕೋಚವಾಗಿ ಮುದ್ರಿಸಿದ್ದಿತು. ಒಂದು ಗ್ಯಾಲನ್ ಹಳೆಯ ಎಣ್ಣೆಯು ಹತ್ತು ಲಕ್ಷ ಗ್ಯಾಲನ್ ನೀರನ್ನು ಕೆಡಿಸಬಲ್ಲುದೆಂದು ಆ ದೇಶದ ಪರಿಸರ ಇಲಾಖೆಯೇ ಮುಂದೆ ಎಚ್ಚರಿಸಬೇಕಾಯಿತು. ಈಗ ಗೃಹಸ್ಥನು ಅದನ್ನು ಡಬ್ಬಿಯಲ್ಲಿ ಹಿಡಿದು ಸಂಗ್ರಹಣ ಕೇಂದ್ರಕ್ಕೆ ಒಯ್ದು ಒಪ್ಪಿಸುತ್ತಾನೆ. ಮೂಲ ತೈಲವು ಕೊಳೆಯಾಗುವುದೇ ಹೊರತು ಬಹುಮಟ್ಟಿಗೆ ಸವೆಯುವುದಿಲ್ಲವಾದುದರಿಂದ, ಅದನ್ನು ಮತ್ತೆ ಶುದ್ಧೀಕರಿಸಿ ಹೊಸ ಡಬ್ಬಿಗಳಿಗೆ ತುಂಬುವ ಉದ್ಯಮವೂ ಅಲ್ಲಿ ನಡೆದಿದೆ.