ಒಂದು ಫ್ರೆಂಚ್ ಚಲಚ್ಚಿತ್ರವೂ ಅದರ ಪಾಠಾಂತರಗಳೂ

ಪ್ರಾಚೀನ ಗ್ರಂಥಗಳ ಗುಣದೋಷಗಳನ್ನು ವಿಚಾರಿಸುವುದಕ್ಕೆ ಮೊದಲು ಅವುಗಳ ಶುದ್ಧಪಾಠವನ್ನು ನಿರ್ಣಯಿಸಬೇಕೆಂಬುದು ವಿದ್ವಾಂಸರೆಲ್ಲರಿಗೂ ಸಮ್ಮತವಾದ ನಿಯಮ. ಚಲಚ್ಚಿತ್ರಗಳ ಚರಿತ್ರೆಗೂ ಈ ನಿಯಮವು ಅಷ್ಟೇ ಅವಶ್ಯಕವೆಂಬುದನ್ನು, ಒಂದೇ ಕಾದಂಬರಿಯಿಂದ ಹುಟ್ಟಿದ ಎರಡು ಚಿತ್ರಗಳ ವೃತ್ತಾಂತದಿಂದ ತೋರಿಸುವುದು ಈ ಲೇಖನದ ಉದ್ದೇಶ.

ಜಾರ್ಜ್ ಆರ್ನೋ ಎಂಬ ಫ್ರೆಂಚ್ ಲೇಖಕನ ‘ಭೀತಿಯ ವೇತನ’ವೆಂಬ ಅರ್ಥದ ಹೆಸರುಳ್ಳ ಕಾದಂಬರಿಯು 1950ರಲ್ಲಿ ಪ್ರಕಟವಾಯಿತು. ಆನ್ರಿ ಜಾರ್ಜ್ ಕ್ಲೂಜೋ ಎಂಬ ನಿರ್ದೇಶಕನು ಅದನ್ನು ಅದೇ ಹೆಸರಿನಿಂದ ಚಿತ್ರಿಸಿದನು. ದಕ್ಷಿಣ ಅಮೆರಿಕೆಯ ಒಂದು ದರಿದ್ರಗ್ರಾಮವನ್ನು ಅವನು ದಕ್ಷಿಣ ಫ್ರಾನ್ಸಿನಲ್ಲಿಯೇ ನಿರ್ಮಿಸಿಕೊಂಡನು. ಎಣ್ಣೆಬಾವಿಯೊಂದಕ್ಕೆ ಬೆಂಕಿ ಹತ್ತಿದೆ. ಅದನ್ನು ಆರಿಸಲು ನೈಟ್ರೋಗ್ಲಿಸರಿನ್ ಬೇಕು. ಸ್ವಲ್ಪ ಕುಲುಕಿದರೂ ಸಿಡಿಯುವ ಆ ದ್ರವವನ್ನು ಎರಡು ಲಾರಿಗಳಲ್ಲಿ ಸಾಗಿಸಲು, ಗತಿಯಿಲ್ಲದ ನಾಲ್ವರು ಪರದೇಶಿಗಳು ತಲೆಗೆ 2000 ಡಾಲರಿನಂತೆ ಒಪ್ಪುತ್ತಾರೆ. ಈ ಚಿತ್ರವು 1953ರಲ್ಲಿ ಕಾನ್ ಮತ್ತು ಬರ್ಲಿನ್ ಉತ್ಸವಗಳೆರಡರಲ್ಲಿಯೂ ಅಗ್ರಪ್ರಶಸ್ತಿಯನ್ನು ಪಡೆಯಿತು.

ಇದೇ ಕಥೆಯನ್ನು ಅಮೆರಿಕೆಯ ವಿಲಿಯಂ ಫ್ರೀಡ್ಕಿನ್ನನು 1977ರಲ್ಲಿ ‘ಸಾರ್ಸರರ್’, ಎಂದರೆ ‘ಮಾಂತ್ರಿಕ’, ಎಂಬ ಹೆಸರಿನಿಂದ ಮತ್ತೆ ಚಿತ್ರಿಸಿದನು. ಸುಮಾರು 2 ಕೋಟಿ 20 ಲಕ್ಷ ಡಾಲರು ವೆಚ್ಚವಾದ ಈ ಚಿತ್ರವು ಅದರ ಅರ್ಧದಷ್ಟನ್ನೂ ಗಳಿಸಲಿಲ್ಲ. ಆದುದರಿಂದ ಇದು ಶ್ರೇಷ್ಠಕೃತಿಯ ವ್ಯರ್ಥಾನುಕರಣವೆಂಬ ಅಭಿಪ್ರಾಯವು ಬಹುಕಾಲ ನಿಂತಿತು. ಆದರೆ ಈ ಸೋಲಿಗೆ ಬಾಹ್ಯಕಾರಣಗಳೂ ಇದ್ದುವು. ಕೆಲವೇ ವಾರಗಳ ಹಿಂದೆ ‘ಸ್ಟಾರ್ ವಾರ್ಸ್’ ಎಂಬ ಚಿತ್ರವು ತೆರೆಗೆ ಬಂದು ಪ್ರೇಕ್ಷಕರನ್ನೆಲ್ಲ ಸೆಳೆದಿತ್ತು. ಫ್ರೀಡ್ಕಿನ್ನನು 1973ರಲ್ಲಿ ‘ದಿ ಎಕ್ಸಾರ್ಸಿಸ್ಟ್’ ಎಂಬ ಭೂತೋಚ್ಚಾಟನೆಯ ಚಿತ್ರವನ್ನು ಮಾಡಿದ್ದವನಾದ್ದರಿಂದ, ‘ಮಾಂತ್ರಿಕ’ನೆಂಬ ಹೆಸರನ್ನು ಕಂಡ ಜನರು ಮಾಟಮಂತ್ರಗಳನ್ನು ನಿರೀಕ್ಷಿಸಿದರು, ಅದು ಒಂದು ಲಾರಿಯ ಹೆಸರು ಮಾತ್ರ.

ಇದಕ್ಕಿಂತಲೂ ಗಮನಾರ್ಹವಾದುದು ಪಾಠಭೇದದ ವಿಷಯ. ಕ್ಲೂಜೋವಿನ ಚಿತ್ರವು 1955ರಲ್ಲಿ ಅಮೆರಿಕೆಗೆ ಬಂದಾಗ, ಅಲ್ಲಿಯ ಎಣ್ಣೆ ಕಂಪೆನಿಯನ್ನು ನಿಂದಿಸುತ್ತದೆಂಬ ಆಕ್ಷೇಪಣೆಯಿಂದ ಅನೇಕ ಭಾಗಗಳನ್ನು ಕತ್ತರಿಸಿದರು. ಫ್ರೀಡ್ಕಿನ್ನನ ಚಿತ್ರವು ಅಮೆರಿಕೆಯಿಂದ ಹೊರಗೆ ಹೋದಾಗ, ವಿತರಕರು ಅವನ ಸಮ್ಮತಿಯಿಲ್ಲದೆ ಸುಮಾರು ಅರ್ಧ ಗಂಟೆಯಷ್ಟನ್ನು ತೆಗೆದು, ಹಳೆಯ ಚಿತ್ರದ ಹೆಸರನ್ನೇ ಅದಕ್ಕೆ ಇಟ್ಟರು. ಹೀಗೆ ಅನೇಕ ಪ್ರೇಕ್ಷಕರು ಎರಡನ್ನೂ ಅಂಗಹೀನವಾದ ರೂಪದಲ್ಲಿ ಕಂಡು ತೀರ್ಪಿತ್ತರೆಂದಾಯಿತು.

ಪೂರ್ಣಪಾಠಗಳನ್ನು ಹೋಲಿಸಿದರೆ ಎರಡರ ಉದ್ದೇಶಗಳೂ ಭಿನ್ನವೆಂಬುದು ಸ್ಪಷ್ಟವಾಗುತ್ತದೆ. ಕ್ಲೂಜೋ ತನ್ನ ಪಾತ್ರಗಳ ಪೂರ್ವವೃತ್ತವನ್ನು ಹೆಚ್ಚಾಗಿ ಹೇಳುವುದಿಲ್ಲ. ಊರಿನಲ್ಲಿ ಮೆರೆದ ಜೋ ದಾರಿಯಲ್ಲಿ ಹೇಡಿಯಾಗುತ್ತಾನೆ. ಅವನನ್ನು ಗುರುವಿನಂತೆ ಕಂಡಿದ್ದ ಮಾರಿಯೋ, ಎಣ್ಣೆ ತುಂಬಿದ ಹಳ್ಳದಲ್ಲಿ ಲಾರಿಯನ್ನು ನಿಲ್ಲಿಸಲಾರದೆ ಅವನ ಕಾಲಿನ ಮೇಲೆಯೇ ಹಾಯಿಸುತ್ತಾನೆ. ಭೀತಿಯು ಇಲ್ಲಿ ಮನುಷ್ಯನ ಸತ್ತ್ವವನ್ನು ಪರೀಕ್ಷಿಸುವ ಒರೆಗಲ್ಲು. ಫ್ರೀಡ್ಕಿನ್ನನಾದರೋ ವೆರಾಕ್ರೂಸ್, ಜೆರೂಸಲೇಂ, ಪ್ಯಾರಿಸ್, ನ್ಯೂಜೆರ್ಸಿಗಳಲ್ಲಿ ನಾಲ್ವರ ಅಪರಾಧಗಳನ್ನು ಮೊದಲೇ ತೋರಿಸುತ್ತಾನೆ. ಬಿರುಗಾಳಿಯಲ್ಲಿ ತೂಗುಸೇತುವೆಯನ್ನು ದಾಟಿ ಬದುಕಿದವನನ್ನೂ ಹಳೆಯ ಶತ್ರುಗಳು ಕೊನೆಗೆ ಹುಡುಕಿ ಬರುತ್ತಾರೆ. ಇಲ್ಲಿ ಭೀತಿಯು ಕರ್ಮಫಲದಂತೆ ಬೆನ್ನಟ್ಟುವುದು. ಕತ್ತರಿಗೆ ಸಿಕ್ಕಿದುದು ಮುಖ್ಯವಾಗಿ ಆ ಪೂರ್ವಕಥೆಗಳೇ. ಕಾರಣವನ್ನು ತೆಗೆದಮೇಲೆ ಫಲವು ಆಕಸ್ಮಿಕವಾಗಿ ಕಾಣುವುದರಲ್ಲಿ ಆಶ್ಚರ್ಯವೇನು?

ಫ್ರೀಡ್ಕಿನ್ನನು ತನ್ನ ಚಿತ್ರವನ್ನು ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡ ಕ್ಲೂಜೋವಿಗೆ ಅರ್ಪಿಸಿದ್ದನು. ಹಕ್ಕುಗಳಿಗಾಗಿ ವ್ಯಾಜ್ಯ ಹೂಡಿದ ಬಳಿಕ, ಜೀರ್ಣೋದ್ಧಾರವಾದ ಪ್ರತಿಯನ್ನು 2013ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಲಾಯಿತು. ಆ ಮೇಲೆ ವಿಮರ್ಶಕರ ಮಾತು ಬಹುಮಟ್ಟಿಗೆ ಬದಲಾಯಿತು. ನಮ್ಮ ಅಭಿಪ್ರಾಯದಲ್ಲಿ ಮಾನವಸ್ವಭಾವದ ಪರಿಜ್ಞಾನದಲ್ಲಿ ಮೊದಲನೆಯದೇ ಮೇಲು. ಆದರೂ ಎರಡನೆಯದು 36 ವರ್ಷ ಹೊತ್ತ ಅಪಕೀರ್ತಿಯಲ್ಲಿ ಹೆಚ್ಚಿನ ಪಾಲು ಅದರದಲ್ಲ. ಪ್ರತಿಯನ್ನು ಪರೀಕ್ಷಿಸದೆ ಕೃತಿಯನ್ನು ಪರೀಕ್ಷಿಸಿದವರಿಗೆ ಅದು ಸಲ್ಲತಕ್ಕದ್ದು.