ಅಂಗೈ ಮೇಲಿನ ಸರಸ್ವತಿ

ಬೆಳಗಿನ ಆರು ಗಂಟೆ. ಶಾಲೆಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ‘ಸರಸ್ವತಿ’ ಎಂದು ಬರೆಯಲಾಗುತ್ತದೆ. ಅದು ಗೌರವದ ಗುರುತು. ಎರಡನೆಯವನ ಅಂಗೈಗೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೊಂದು ಛಡಿ ಏಟು. ನಾಲ್ಕನೆಯವನಿಗೆ ಎರಡು. ಅಲ್ಲಿಂದಾಚೆ ಬಂದವರಿಗೆಲ್ಲ ಒಂದೊಂದು ಹೆಚ್ಚು.

ಇದು ಕಟ್ಟುಕಥೆಯಲ್ಲ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಬರೆದ ವರದಿಯಲ್ಲಿರುವ ವಿವರ. ಆಗ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು. ಪ್ರಾಂತ್ಯದ ಶಾಲೆಗಳ ಲೆಕ್ಕ ಕೊಡುವಂತೆ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಕಲೆಕ್ಟರುಗಳನ್ನು ಕೇಳಿದ್ದ. ಬಳ್ಳಾರಿ ಜಿಲ್ಲೆಯಲ್ಲಿ ಸಿಕ್ಕಿದ್ದು 533 ಶಾಲೆ, 6,641 ಮಕ್ಕಳು. ಇವುಗಳಲ್ಲಿ 235 ಕನ್ನಡ ಶಾಲೆಗಳು. ಕನ್ನಡ ನಾಡಿನಲ್ಲಿ ಕೂಲಿಮಠ, ಐಗಳ ಮಠ ಎಂದು ಹೆಸರಾಗಿದ್ದವು ಇಂಥ ಶಾಲೆಗಳೇ.

ಸರಾಸರಿ ಒಂದು ಶಾಲೆಗೆ ಹನ್ನೆರಡು ಮಕ್ಕಳು. ಹಾಜರಿ ಪುಸ್ತಕವಿಲ್ಲದಿದ್ದರೂ ಯಾರು ಬೇಗ ಬಂದರು, ಯಾರು ತಡವಾದರು ಎಂಬುದನ್ನು ಅಂಗೈಯೇ ಹೇಳುತ್ತಿತ್ತು. ಸಂಜೆ ಕೈ ತೊಳೆದರೆ ಲೆಕ್ಕ ಚುಕ್ತಾ. ಇಂದು ಏಟು ತಿಂದವನು ನಾಳೆ ಸರಸ್ವತಿಯನ್ನು ಪಡೆಯಬಹುದಿತ್ತು.

ಆದರೆ ಈ ಲೆಕ್ಕದಲ್ಲಿ ಗುರುತು ಹಾಕುವುದೂ ಶಿಕ್ಷಿಸುವುದೂ ಬೇರೆಬೇರೆಯಾಗಿರಲಿಲ್ಲ. ಎಷ್ಟು ತಡವೋ ಅಷ್ಟು ಏಟು. ಸೋಮಾರಿ ಹುಡುಗರ ಎರಡೂ ಕೈ ಕಟ್ಟಿ ಸೂರಿಗೆ ನೇತುಹಾಕುತ್ತಿದ್ದುದನ್ನು, ಬಸ್ಕಿ ಹೊಡೆಸುತ್ತಿದ್ದುದನ್ನು ಕ್ಯಾಂಬೆಲ್ ದಾಖಲಿಸಿದ್ದಾನೆ. ನಮ್ಮ ಹಿರಿಯರು ‘ಕೋದಂಡ’ ಎನ್ನುತ್ತಿದ್ದ ಶಿಕ್ಷೆ ಇದೇ.

ಅಂಗೈಯಿಂದ ಪುಸ್ತಕಕ್ಕೆ ಬಂದ ಬದಲಾವಣೆಯನ್ನು ಮದರಾಸಿನಲ್ಲೇ ಕಾಣಬಹುದು. ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮವನ್ನು 1789ರಿಂದ ನಡೆಸಿದವನು ಆಂಡ್ರೂ ಬೆಲ್ ಎಂಬ ಪಾದ್ರಿ. ದೇಶೀ ಶಾಲೆಯ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ಅದನ್ನೇ ತನ್ನಲ್ಲಿ ತಂದ. ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದ. ತಪ್ಪುಗಳನ್ನು ‘ಕಪ್ಪು ಪುಸ್ತಕ’ದಲ್ಲಿ ಬರೆಸಿ, ವಾರಕ್ಕೊಮ್ಮೆ ಹುಡುಗರ ಪಂಚಾಯತಿಯ ಮುಂದೆ ವಿಚಾರಣೆ ನಡೆಸಿದ. ಈ ಪ್ರಯೋಗದ ವರದಿ 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಶಾಲೆಗಳಿಗೂ ಹಬ್ಬಿತು. ಪುಸ್ತಕದಿಂದ ಒಂದು ಲಾಭವಾಯಿತು: ತಪ್ಪಿಗೂ ಶಿಕ್ಷೆಗೂ ನಡುವೆ ವಿಚಾರಣೆ ಬಂತು. ನಷ್ಟವೂ ಇತ್ತು: ಕೈ ತೊಳೆದರೆ ಹೋಗುತ್ತಿದ್ದ ಗುರುತು ಈಗ ಕಾಗದದ ಮೇಲೆ ಉಳಿಯಿತು.

ಅಂಗೈ ಹೇಳದ ಸಂಗತಿಯೊಂದು ಕ್ಯಾಂಬೆಲ್ಲನ ವರದಿಯಲ್ಲೇ ಇದೆ. ಹತ್ತಿರಹತ್ತಿರ ಹತ್ತು ಲಕ್ಷ ಜನರಿದ್ದ ಜಿಲ್ಲೆಯಲ್ಲಿ ಶಾಲೆಗೆ ಹೋಗುವವರು ಏಳು ಸಾವಿರವೂ ಇಲ್ಲವೆಂದು ಆತ ಮರುಗುತ್ತಾನೆ. ಜನ ಬಡವರಾಗಿದ್ದಾರೆ, ಎಳೆಯ ಕೈಕಾಲು ದುಡಿಯುವಷ್ಟಾದ ಕೂಡಲೇ ತಂದೆತಾಯಿಗೆ ಮಗುವಿನ ನೆರವು ಬೇಕಾಗುತ್ತದೆ ಎಂಬುದು ಆತ ಕೊಡುವ ಕಾರಣ. ಮನೆಗೆಲಸ ಮುಗಿಸಿ ಕೊನೆಗೆ ಬಂದ ಹುಡುಗನಿಗೂ, ಮಲಗಿದ್ದು ತಡವಾದವನಿಗೂ ಏಟಿನ ಲೆಕ್ಕ ಮಾತ್ರ ಒಂದೇ.

ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಛಡಿ ಹೋದರೂ ಲೆಕ್ಕವಿಡುವ ಕೆಲಸ ಹೋಗಿಲ್ಲ. ಅದಕ್ಕೆ ದೊಡ್ಡ ಏರ್ಪಾಡೇನೂ ಬೇಕಿಲ್ಲ. ಹಾಜರಿ ಪುಸ್ತಕದಲ್ಲಿ ‘ತಡ’ ಎಂದು ಬರೆದ ಮೇಷ್ಟರು ಪಕ್ಕದಲ್ಲಿ ‘ಏಕೆ’ ಎಂಬುದನ್ನೂ ಕೇಳಿ ಬರೆದರೆ, ಬಳ್ಳಾರಿಯ ಆ ಕೊನೆಯ ಹುಡುಗನನ್ನು ಯಾರೂ ಕೇಳದೆ ಬಿಟ್ಟ ಪ್ರಶ್ನೆ ಅದೇ ಆಗಿರುತ್ತದೆ.